ಮಾಂಸ ನೋಡಿ ಒಲೆ ಹಚ್ಚಿ

ಟೆಕ್ಸಾಸ್‌ಗೆ ಬಂದು ಹನ್ನೊಂದು ವರ್ಷವಾಯಿತು. ದನದ ಭುಜದ ಮಾಂಸವನ್ನು, ಇಲ್ಲಿಯವರು ಚಕ್ ರೋಸ್ಟ್ ಅನ್ನುವ ತುಂಡನ್ನು, ಹಿತ್ತಲಿನ ಇದ್ದಿಲೊಲೆಯಲ್ಲಿ ಹೊಗೆ ಹಾಕಿ ಬೇಯಿಸುವುದು ನನ್ನ ಭಾನುವಾರದ ಕೆಲಸ. ಕಳೆದ ಕ್ರಿಸ್ಮಸ್‌ಗೆ ಮಂಗಳೂರಿನ ಕುಲಶೇಖರದ ಗೆಳೆಯನೊಬ್ಬ ಫೋನಿನಲ್ಲಿ ಕ್ರಮ ಕೇಳಿಕೊಂಡು ಹಾಗೆಯೇ ಮಾಡಿದ. ಏಳು ಗಂಟೆ ಒಲೆಯ ಮುಂದೆ ಕೂತಿದ್ದನಂತೆ. "ಎಂಥದು ಮಾರಾಯ, ಕತ್ತಿಯೇ ಇಳಿಯುವುದಿಲ್ಲ" ಎಂದ. ತಪ್ಪು ಅವನದಲ್ಲ. ಕ್ರಮ ಹೇಳಿದ ನಾನು, ಮಾಂಸ ಯಾವುದೆಂದು ಕೇಳಲಿಲ್ಲ.

ಇಲ್ಲಿ ಸಿಗುವುದು ಹೆಚ್ಚಾಗಿ ಎರಡೂವರೆ ವರ್ಷದೊಳಗಿನ, ಮೆಕ್ಕೆಜೋಳ ತಿಂದು ಮೈತುಂಬಿದ ದನದ ಮಾಂಸ. ಭುಜ ಸದಾ ದುಡಿಯುವ ಭಾಗವಾದ್ದರಿಂದ ಗಟ್ಟಿಯೇ. ಆದರೆ ಎಳೆ ಎಳೆಯ ನಡುವೆ ಕೊಬ್ಬಿನ ಬಿಳಿ ಗೆರೆಗಳಿರುತ್ತವೆ. ಒಂದೂವರೆ ಕಿಲೋ ತುಂಡಿಗೆ ಉಪ್ಪು, ಕರಿಮೆಣಸು ಸವರಿ, ಕೆಂಡ ಒಂದು ಬದಿಗೆ, ಮಾಂಸ ಇನ್ನೊಂದು ಬದಿಗೆ ಇಟ್ಟು ಮುಚ್ಚುತ್ತೇನೆ. ಒಳಗೆ ಸುಮಾರು 120 ಡಿಗ್ರಿ ಸೆಲ್ಸಿಯಸ್ ಇರುವಂತೆ ಗಾಳಿಕಿಂಡಿ ತಿರುಗಿಸಬೇಕು. ಓಕ್ ಮರದ ತುಂಡಿನಿಂದ ತೆಳುವಾದ ನೀಲಿ ಹೊಗೆ ಬಂದರೆ ಸರಿ, ದಟ್ಟ ಬಿಳಿ ಹೊಗೆ ಕಹಿ. ಮಾಂಸದ ಒಳಗಿನ ಬಿಸಿ 70ರ ಆಸುಪಾಸಿಗೆ ಬಂದಾಗ ಗಂಟೆಗಟ್ಟಲೆ ಏರುವುದೇ ಇಲ್ಲ. ಮೇಲ್ಮೈಯ ನೀರು ಆವಿಯಾಗುತ್ತಾ ತಂಪು ಮಾಡುವುದೇ ಕಾರಣ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಹೀಗೆಯೇ. ಆಗ ಬೆಂಕಿ ಜೋರು ಮಾಡಬಾರದು, ತುಂಡನ್ನು ಫಾಯಿಲ್‌ನಲ್ಲಿ ಸುತ್ತಿಟ್ಟು ಕಾಯಬೇಕು. 95ರ ಹೊತ್ತಿಗೆ ಗಟ್ಟಿ ನಾರೆಲ್ಲ ಅಂಟಂಟು ರಸವಾಗಿ ಕರಗಿರುತ್ತದೆ.

ಊರಿನ ಮಾಂಸ ಬೇರೆ. ರಾಜ್ಯದ 2020ರ ಗೋಹತ್ಯೆ ನಿಷೇಧ ಕಾನೂನಿನ ನಂತರ ಕಡಿಯಬಹುದಾದದ್ದು 13 ವರ್ಷ ದಾಟಿದ ಎಮ್ಮೆ ಕೋಣಗಳನ್ನು ಮಾತ್ರ. ವಯಸ್ಸಾದಷ್ಟೂ ನಾರು ಬಿಗಿ, ಒಳಗೆ ಕೊಬ್ಬೂ ಕಡಿಮೆ. ಒಣ ಬಿಸಿಯಲ್ಲಿ ಇಟ್ಟರೆ ನಾರು ಕರಗುವ ಮೊದಲೇ ರಸ ಬತ್ತಿಹೋಗುತ್ತದೆ.

ಅಜ್ಜಿ ಬಫಾತ್, ಅಂದರೆ ನಮ್ಮ ಮಂಗಳೂರು ಕಡೆಯ ಮಸಾಲೆ ಗಸಿಯ ಮಾಂಸದಡುಗೆ, ಮಾಡುತ್ತಿದ್ದ ಬಗೆ ಈಗ ನನಗೆ ಅರ್ಥವಾಗುತ್ತದೆ. ಬಫಾತ್ ಪುಡಿ, ನೀರುಳ್ಳಿ, ಶುಂಠಿ, ವಿನೆಗರ್ ಹಾಕಿ, ಮಡಕೆಯ ಬಾಯಿ ಮುಚ್ಚಿ, ಸಣ್ಣ ಉರಿಯಲ್ಲಿ ಬಿಟ್ಟುಬಿಡುವುದು. ಸುತ್ತ ಗಸಿ ಇರುವಾಗ ಮಾಂಸ ಎಷ್ಟು ಹೊತ್ತು ಬೇಡಿದರೂ ಕೊಡಬಹುದು. ತಿನ್ನುವುದು ಮರುದಿನ, ಸನ್ನಾಂ ಎಂಬ ಹಬೆಯಲ್ಲಿ ಬೇಯಿಸಿದ ಅಕ್ಕಿ ತಿಂಡಿಯ ಜೊತೆ. ಮಸಾಲೆಯಲ್ಲಿ ಮಾಂಸದ ರುಚಿ ಮುಚ್ಚಿಹೋಗುತ್ತದೆ, ಹೊಗೆಯದೇ ದೊಡ್ಡ ವಿದ್ಯೆ ಎಂದು ಇಲ್ಲಿನ ನಮ್ಮವರೇ ಕೆಲವರು ಹೇಳುವಾಗ ನನಗೆ ಬೇಸರವಾಗುತ್ತದೆ. ಆ ಮಡಕೆಯೂ ಅಷ್ಟೇ ದೊಡ್ಡ ವಿದ್ಯೆ. ಬರೀ ಉಪ್ಪು ಮೆಣಸಿನ ಮಾಂಸ ಸಪ್ಪೆ ಅನ್ನುವ ಊರಿನವರ ಮಾತನ್ನೂ ನಾನು ಒಪ್ಪುವುದಿಲ್ಲ; ಅವರು ಒಮ್ಮೆ ತಿಂದು ನೋಡಬೇಕು.

ಹೊಗೆಯ ಆಸೆ ಊರಿನಲ್ಲೂ ತೀರಿಸಿಕೊಳ್ಳಬಹುದು. ದೊಡ್ಡ ತುಂಡುಗಳನ್ನು ತೆಂಗಿನ ಗೆರಟೆಯ ಇದ್ದಿಲಿನ ಮೇಲೆ, ಚೆನ್ನಾಗಿ ಒಣಗಿದ ಪೇರಳೆ ಕೊಂಬೆಯ ಹೊಗೆಯಲ್ಲಿ ಎರಡು ಗಂಟೆ ಇಡಿ. ಗೇರುಬೀಜದ ಸಿಪ್ಪೆಯನ್ನು ಮಾತ್ರ ಹತ್ತಿರ ತರಬೇಡಿ, ಅದರ ಎಣ್ಣೆ ಚರ್ಮವನ್ನೇ ಸುಡುವಂಥದ್ದು. ಆಮೇಲೆ ತುಂಡು ಮಾಡಿ ಬಫಾತ್ ಮಡಕೆಗೆ ಹಾಕಿ, ಮೆತ್ತಗಾಗುವವರೆಗೆ ಬೇಯಿಸಿ. ಗೆಳೆಯ ಈಸ್ಟರ್‌ಗೆ ಹೀಗೆ ಮಾಡಿದ. ಅವನ ಅಮ್ಮ ಎರಡನೇ ಸಲ ಗಸಿ ಬಡಿಸಿಕೊಂಡರಂತೆ. ಈ ಡಿಸೆಂಬರಿಗೆ ನಾನೇ ಊರಿಗೆ ಹೋಗುತ್ತಿದ್ದೇನೆ. ಗೆರಟೆ ಒಣಗಿಸಿಡಲು ಈಗಲೇ ಹೇಳಿದ್ದೇನೆ.