20 ವರ್ಷ ಓಡಾಡಿದರೆ ದಾರಿಯ ಜಾಗವೇ ನಿಮ್ಮದಾಗುವುದಿಲ್ಲ

‘ಪಕ್ಕದ ಮನೆಯವರ ಜೊತೆ ಹಂಚಿಕೊಂಡ ದಾರಿಯನ್ನು 20 ವರ್ಷ ಬಳಸಿದರೆ ಆ ಜಾಗ ನಿಮ್ಮದೇ, ಗೇಟ್ ಹಾಕಬಹುದು, ಕಾರು ನಿಲ್ಲಿಸಬಹುದು’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಇದನ್ನು ನಂಬಿ ಗೋಡೆ ಕಟ್ಟಲು ಹೊರಟವರು ಅನವಶ್ಯಕವಾಗಿ ಕೋರ್ಟು ಮೆಟ್ಟಿಲು ಹತ್ತಬೇಕಾದೀತು.

1882ರ ಭಾರತೀಯ ಅನುಭೋಗದ ಹಕ್ಕುಗಳ (ಬೇರೆಯವರ ಜಾಗವನ್ನು ಓಡಾಟದಂಥ ಸೀಮಿತ ಕೆಲಸಕ್ಕೆ ಬಳಸುವ ಹಕ್ಕುಗಳ) ಕಾಯ್ದೆಯ 15ನೇ ಸೆಕ್ಷನ್‌ನಲ್ಲಿ 20 ವರ್ಷದ ಮಾತು ಇರುವುದು ನಿಜ. ಆದರೆ ಅದರಿಂದ ಸಿಗುವುದು ಓಡಾಡುವ ಹಕ್ಕು ಮಾತ್ರ, ಜಾಗದ ಒಡೆತನವಲ್ಲ. ಅದಕ್ಕೂ ಷರತ್ತುಗಳಿವೆ: ಬಳಕೆ ಬಹಿರಂಗವಾಗಿ, ಶಾಂತಿಯುತವಾಗಿ, ತಡೆಯಿಲ್ಲದೆ, ‘ಇದು ನನ್ನ ಹಕ್ಕು’ ಎಂಬಂತೆ ನಡೆದಿರಬೇಕು. ಪಕ್ಕದವರು ‘ಹೋಗಿ ಬನ್ನಿ, ಪರವಾಗಿಲ್ಲ’ ಎಂದು ಒಳ್ಳೆಯ ಮನಸ್ಸಿನಿಂದ ಬಿಟ್ಟಿದ್ದರೆ ಅದು ಅನುಮತಿ. ಅನುಮತಿಯ ಮೇಲೆ ಎಷ್ಟು ವರ್ಷ ನಡೆದರೂ ಈ ಹಕ್ಕು ಹುಟ್ಟುವುದಿಲ್ಲ. ಹೆಚ್ಚಿನ ಜಗಳಗಳಲ್ಲಿ ಜನ ಎಡವುವುದು ಇಲ್ಲೇ ಎಂದು ನನಗನ್ನಿಸುತ್ತದೆ.

ಜಾಗ ನಿಮ್ಮದೇ ಎನ್ನುವಾಗ ಸಂದೇಶ 12 ವರ್ಷದ ಪ್ರತಿಕೂಲ ಸ್ವಾಧೀನದ ನಿಯಮವನ್ನೂ, ಅಂದರೆ ಬೇರೆಯವರ ಜಾಗವನ್ನು ಒಪ್ಪಿಗೆಯಿಲ್ಲದೆ ಬಹಿರಂಗವಾಗಿ ತನ್ನದೆಂದು ಹಿಡಿದಿಟ್ಟುಕೊಂಡವರು ಒಡೆತನ ಕೇಳುವ ನಿಯಮವನ್ನೂ, ಇದರೊಳಗೆ ಬೆರೆಸಿದಂತಿದೆ. ಅದು ಬೇರೆಯೇ ವಿಷಯ.

ಕಾರಿನ ಮಾತಿಗೆ ಬಂದರೆ, ಹಾದುಹೋಗುವ ಹಕ್ಕಿನಲ್ಲಿ ಗಾಡಿ ನಿಲ್ಲಿಸುವ ಹಕ್ಕು ತಾನಾಗಿ ಸೇರುವುದಿಲ್ಲ. ಹಾಗೆಯೇ, ದಾರಿಯ ಹಕ್ಕು ಇನ್ನೊಬ್ಬರಿಗಿದ್ದರೆ ಜಾಗದ ಮಾಲೀಕರೂ ಅಡ್ಡ ಹಾಕುವಂತಿಲ್ಲ. ಕ್ರಯಪತ್ರದಲ್ಲಿ ದಾರಿ ಜಂಟಿ ಒಡೆತನದ್ದೆಂದು ಬರೆದಿದ್ದರೆ ಲೆಕ್ಕವೇ ಬೇರೆ. ಆದ್ದರಿಂದ ಮೊದಲು ಎರಡೂ ಮನೆಗಳ ಕ್ರಯಪತ್ರ ಮತ್ತು ಅದರಲ್ಲಿನ ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿಯ ವಿವರ) ತೆಗೆದು ಓದಿ. ಮಾತುಕತೆಯಲ್ಲಿ ಒಪ್ಪಂದವಾದರೆ ಬರೆದು ನೋಂದಣಿ ಮಾಡಿಸಿ.