ಗಮನಕ್ಕೆ ಬಂದಿದೆ, ಪ್ರಶ್ನೆ ಉದ್ಭವಿಸುವುದಿಲ್ಲ

ವಿಧಾನಸೌಧ ನೋಡಲು ಈಗ ಟಿಕೆಟ್ ಇದೆ. ದೊಡ್ಡವರಿಗೆ ತಲೆಗೆ 50 ರೂಪಾಯಿ. 2025ರ ಜೂನ್‌ನಿಂದ ಭಾನುವಾರಗಳಲ್ಲಿ, ಎರಡನೇ ಮತ್ತು ನಾಲ್ಕನೇ ಶನಿವಾರಗಳಲ್ಲಿ ಗೈಡ್ ಸಮೇತ ಒಳಗೆ ಬಿಡುತ್ತಾರೆ. ನಮ್ಮ ಕಡೆ ಕೆಲವರು ಇದನ್ನು ಓದಿ ಮೂಗು ಮುರಿದರು. ನನಗೆ ಮಾತ್ರ ಸರ್ಕಾರದ ಬುದ್ಧಿ ಮೆಚ್ಚಬೇಕು ಅನ್ನಿಸಿತು. ಪ್ರವಾಸಿಗ ಅಂದರೆ ಎಂಥವನು ಎಂದು ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಶುಕ್ರವಾರ ರಾತ್ರಿ ಕಾರು ಹತ್ತಿ ಬರುತ್ತಾನೆ, ಮಡಿಕೇರಿಯ ರಾಜಾಸೀಟಿನಲ್ಲಿ ಮಂಜಿನ ಮುಂದೆ ನಿಂತು ಫೋಟೋ ಹೊಡೆಸಿಕೊಳ್ಳುತ್ತಾನೆ, ಹೋಮ್ ಮೇಡ್ ಚಾಕೊಲೇಟ್ ಕಟ್ಟಿಸಿಕೊಂಡು ಭಾನುವಾರ ಸಂಜೆ ಇಳಿದು ಹೋಗುತ್ತಾನೆ. ಈ ಊರಿಗೆ ನೀರು ಎಲ್ಲಿಂದ ಬರುತ್ತದೆ, ತಾನು ಬಿಸಾಕಿದ ಬಾಟಲಿ ಎಲ್ಲಿಗೆ ಹೋಗುತ್ತದೆ ಎಂದು ಇವತ್ತಿನವರೆಗೆ ಒಬ್ಬನೂ ಕೇಳಿಲ್ಲ. ಒಂದು ಸರ್ಕಾರಕ್ಕೆ ಇದಕ್ಕಿಂತ ಸಜ್ಜನ ಪ್ರಜೆ ಎಲ್ಲಿ ಸಿಗಬೇಕು? ಮತದಾರನಾದರೆ ಅರ್ಜಿ ಹಿಡಿದು ಬರುತ್ತಾನೆ. ಪ್ರವಾಸಿಗನಾದರೆ 'ಸರ್ಕಾರದ ಕೆಲಸ ದೇವರ ಕೆಲಸ' ಎಂಬ ಬರಹದ ಕೆಳಗೆ ಸೆಲ್ಫಿ ತೆಗೆದುಕೊಂಡು, ಆ ದೇವರ ಕೆಲಸ ಎಲ್ಲಿವರೆಗೆ ಬಂತು ಎಂದು ಕೇಳದೆ ಹೋಗುತ್ತಾನೆ. ಅದೂ ರಜಾದಿನ ನೋಡಿ ಕರೆಯುತ್ತಾರೆ, ಒಳಗೆ ಯಾರೂ ಇರದ ದಿನ. ಅಧಿವೇಶನದ ಮಧ್ಯಾಹ್ನದ ನೋಟಕ್ಕೂ ಅದಕ್ಕೂ ಬಹಳ ವ್ಯತ್ಯಾಸವೇನೂ ಕಾಣಲಿಕ್ಕಿಲ್ಲ.

ಕಲಾಪವನ್ನೇ ನೋಡಬೇಕು ಎನ್ನುವ ಹಟಮಾರಿಗಳಿಗೆ ಗ್ಯಾಲರಿ ಇದೆ. ಶಾಸಕರ ಕಡೆಯಿಂದ ಪಾಸು ಹೊಂದಿಸಿಕೊಂಡರೆ ಸಾಕು. ಮೊಬೈಲು ಹೊರಗೆ, ಚೀಲ ಹೊರಗೆ. ಮಾತಾಡಬಾರದು, ಚಪ್ಪಾಳೆ ತಟ್ಟಬಾರದು, ಘೋಷಣೆ ಕೂಗಿದರೆ ಮಾರ್ಷಲ್‌ಗಳು ಎತ್ತಿಕೊಂಡು ಹೋಗುತ್ತಾರೆ. ಕೆಳಗೆ ಕುಳಿತವರು ಮೇಜು ಗುದ್ದುವುದು, ಸ್ಪೀಕರ್ ಪೀಠದ ಮುಂದಿನ ಬಾವಿಗಿಳಿಯುವುದು, ಕಾಗದ ಹರಿದು ತೂರುವುದನ್ನೆಲ್ಲ ಮೇಲಿನವನು ಕೈ ಕಟ್ಟಿ ನೋಡಬೇಕು. ಸದನದಲ್ಲಿ ಶಿಸ್ತಿಲ್ಲ ಎಂದು ದೂರುವವರಿಗೆ ಇದು ತಿಳಿದಿಲ್ಲ. ಶಿಸ್ತು ಇದೆ, ಅದನ್ನು ಗ್ಯಾಲರಿಗೆ ವಹಿಸಿದ್ದಾರೆ.

2025ರ ಮಾರ್ಚ್ 21 ನೆನಪಿದೆಯಲ್ಲ? ಹನಿಟ್ರ್ಯಾಪ್ ಗಲಾಟೆಯ ದಿನ. ಸ್ಪೀಕರ್ ಪೀಠದತ್ತ ಕಾಗದದ ಚೂರು ಹಾರಿದವು, ಬಿಜೆಪಿಯ 18 ಮಂದಿ ಆರು ತಿಂಗಳಿಗೆ ಅಮಾನತಾದರು, ಮಾರ್ಷಲ್‌ಗಳು ಕೆಲವರನ್ನು ಕೈಕಾಲು ಹಿಡಿದು ಹೊತ್ತು ಆಚೆ ಬಿಟ್ಟರು. (ಆ ಆರು ತಿಂಗಳು ಮೇ ಕೊನೆಗೇ ಮುಗಿಯಿತು. ಶಾಸಕರ ಕ್ಯಾಲೆಂಡರೇ ಬೇರೆ.) ಯಾರ ಮಾತು ಯಾರಿಗೂ ಕೇಳದ ಆ ಗದ್ದಲದ ಮಧ್ಯೆ ಒಂದು ವಿಷಯ ಮಾತ್ರ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು: ಶಾಸಕರ ಸಂಬಳ 40 ಸಾವಿರದಿಂದ 80 ಸಾವಿರ, ಮುಖ್ಯಮಂತ್ರಿಗಳದ್ದು 75 ಸಾವಿರದಿಂದ ಒಂದೂವರೆ ಲಕ್ಷ, ಮಾಜಿಗಳ ಪಿಂಚಣಿ 50ರಿಂದ 75 ಸಾವಿರ. ಚರ್ಚೆ ಇಲ್ಲ, ತಿದ್ದುಪಡಿ ಇಲ್ಲ, ಧ್ವನಿಮತ. ಹೊತ್ತು ಹಾಕಿಸಿಕೊಂಡವರಿಗೂ ದುಪ್ಪಟ್ಟೇ. ಆಡಳಿತ, ವಿರೋಧ ಎಂಬ ಭೇದವಿಲ್ಲದೆ ನಾಡಿನ ಜನಪ್ರತಿನಿಧಿಗಳು ಒಂದಾಗುವುದಿಲ್ಲ ಎಂದು ಇನ್ನು ಮುಂದೆ ಯಾರೂ ಹೇಳುವಂತಿಲ್ಲ.

ಅವರ ಸಂಬಳವನ್ನು ಅವರೇ ನಿಗದಿ ಮಾಡಿಕೊಳ್ಳಲು ಸಂವಿಧಾನದ 195ನೇ ವಿಧಿಯಲ್ಲಿ ಅವಕಾಶವಿದೆ, ತಪ್ಪಲ್ಲ. ಕಾಫಿ ಕುಯ್ಲಿಗೆ ಬಂದ ಆಳುಗಳು ಕಣದಲ್ಲೇ ಕೂತು ತಮ್ಮ ಕೂಲಿ ಡಬಲ್ ಮಾಡಿಕೊಂಡು, ತೋಟದ ಲೆಕ್ಕ ಬರೆಯುವ ರೈಟ್ರ ಕೈಲಿ ಬರೆಸಿ, ಧಣಿಗೆ ಪೇಪರಿನಲ್ಲಿ ಓದಿಕೊಳ್ಳಿ ಎಂದರೆ ಹೇಗೋ ಹಾಗೆ. ಆದರೆ ಆಳುಗಳು ದಿನವೂ ಕೆಲಸಕ್ಕೆ ಬಂದಿರುತ್ತಾರೆ. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕೆಂದು 2005ರಲ್ಲಿ ಇವರೇ ಒಂದು ಕಾಯ್ದೆ ಮಾಡಿಕೊಂಡಿದ್ದಾರೆ. ಅದು ಕಾಗದದಲ್ಲಿ ಸುಖವಾಗಿದೆ. ಹೆಲ್ಮೆಟ್ ಇಲ್ಲದೆ ಮಡಿಕೇರಿ ಬಸ್ ಸ್ಟ್ಯಾಂಡಿನ ಮುಂದೆ ಹಾದರೆ ದಂಡ ಬೀಳುತ್ತದೆ, 60 ದಿನ ತುಂಬದಿದ್ದರೆ ಯಾರಿಗೂ ಏನೂ ಆಗುವುದಿಲ್ಲ.

ಧ್ವನಿಮತದ ವಿಷಯದಲ್ಲಿ ಕೊಡಗಿನವರು ಬೇರೆಯವರನ್ನು ಆಡಿಕೊಳ್ಳುವಷ್ಟು ಮಡಿವಂತರಲ್ಲ, ಬಿಡಿ. 2010ರ ಅಕ್ಟೋಬರಿನಲ್ಲಿ 16 ಶಾಸಕರನ್ನು ಅನರ್ಹಗೊಳಿಸಿ, ಕಿವಿ ಹರಿಯುವ ಗದ್ದಲದಲ್ಲಿ ವಿಶ್ವಾಸಮತವನ್ನು ಧ್ವನಿಮತದಲ್ಲೇ ದಾಟಿಸಿದಾಗ ಸ್ಪೀಕರ್ ಪೀಠದಲ್ಲಿದ್ದವರು ನಮ್ಮ ವಿರಾಜಪೇಟೆಯ ಬೋಪಯ್ಯನವರು. ಮರುವರ್ಷ ಸುಪ್ರೀಂ ಕೋರ್ಟು ಆ ಅನರ್ಹತೆಯನ್ನು ರದ್ದು ಮಾಡಿತು. ಈಗಿನ ಸ್ಪೀಕರ್ ಖಾದರ್ ಅವರೂ ದೂರದವರಲ್ಲ, ಸಂಪಾಜೆ ಘಾಟಿ ಇಳಿದು ಮಂಗಳೂರಿನತ್ತ ನೆಟ್ಟಗೆ ಹೋದರೆ ಅವರ ಸೀಮೆ. ಊಟವಾದ ಮೇಲೆ ಶಾಸಕರು ನಿದ್ದೆಗೆಂದು ಹೋದವರು ವಾಪಸು ಬರುವುದಿಲ್ಲ ಎಂದು ಅವರು ಬಾಡಿಗೆಗೆ ರಿಕ್ಲೈನರ್ ಕುರ್ಚಿ ತರಿಸಿದ ಸುದ್ದಿ ಬಂದಾಗ ಎಲ್ಲರೂ ನಕ್ಕರು. ನಗುವಂಥದ್ದೇನಿತ್ತು? ರೋಗ ಗೊತ್ತಿರುವ ವೈದ್ಯರು ಅವರೊಬ್ಬರೇ. ನಿದ್ದೆ ತಪ್ಪಿಸಲು ಆಗುವುದಿಲ್ಲ, ನಿದ್ದೆಯನ್ನು ಲಾಬಿಗೆ ತರಬಹುದು.

ಇರಲಿ. ನಾಗರಿಕರು ಶಾಸನಸಭೆಯಲ್ಲಿ ಭಾಗವಹಿಸುವುದು ಹೇಗೆ ಎಂದು ಶಾಲೆಯ ಪುಸ್ತಕದಲ್ಲಿ ಇರುವ ದಾರಿ ಬೇರೆ. ನಿಮ್ಮ ಕಷ್ಟವನ್ನು ಶಾಸಕರಿಗೆ ಬರೆದು ಕೊಡಿ, ಅವರು ಅದನ್ನು ಪ್ರಶ್ನೆ ಮಾಡುತ್ತಾರೆ. ಚುಕ್ಕೆ ಗುರುತಿನದಾದರೆ ಮಂತ್ರಿ ಎದ್ದು ನಿಂತು ಉತ್ತರ ಹೇಳಬೇಕು, ಚುಕ್ಕೆ ಇಲ್ಲದಿದ್ದರೆ ಲಿಖಿತ ಉತ್ತರ. ಗಮನ ಸೆಳೆಯುವ ಸೂಚನೆ ಇದೆ, ಶೂನ್ಯವೇಳೆ ಇದೆ, ಅರ್ಜಿಗಳ ಸಮಿತಿ ಇದೆ. ಮಂತ್ರಿಗಳು ಸದನದಲ್ಲಿ ಕೊಟ್ಟ ಮಾತು ಏನಾಯಿತು ಎಂದು ನೋಡಲು ಭರವಸೆಗಳ ಸಮಿತಿ ಎಂಬುದೇ ಇದೆ. ಬಾಗಿಲುಗಳಿಗೇನೂ ಕೊರತೆಯಿಲ್ಲ.

ಆ ಲಿಖಿತ ಉತ್ತರಗಳನ್ನು ನೀವು ಓದಬೇಕು. ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ, ಅ, ಆ, ಇ ಎಂದು ಕಟ್ಟು ಹಾಕಿದ ಪಟ್ಟಿ. ಅ) ಕಾಡಾನೆ ಹಾವಳಿಯಿಂದ ಬೆಳೆಗಾರರಿಗೂ ಕಾರ್ಮಿಕರಿಗೂ ತೊಂದರೆಯಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಲಗಡೆ: ಬಂದಿದೆ. ಆ) ಬಂದಿದ್ದಲ್ಲಿ ಕೈಗೊಂಡ ಕ್ರಮವೇನು? ಕ್ರಮ ಪರಿಶೀಲನೆಯಲ್ಲಿದೆ. ಇ) ಕಾಲಮಿತಿ ಏನು? ಪ್ರಶ್ನೆ ಉದ್ಭವಿಸುವುದಿಲ್ಲ. ಇಷ್ಟು ಅಚ್ಚುಕಟ್ಟಾಗಿ ಕನ್ನಡ ಬರೆಯುವವರು ಇನ್ನೆಲ್ಲೂ ಸಿಗಲಾರರು. ಆನೆ ನಮ್ಮ ಗಮನಕ್ಕೂ ಬಂದಿದೆ, ರಾತ್ರಿ ಹನ್ನೊಂದರ ಹೊತ್ತಿಗೆ, ಅಡುಗೆಮನೆ ಹಿಂದಿನ ಬಾಳೆ ಮುರಿಯುತ್ತಾ. ಬೆಳಿಗ್ಗೆ ನೋಡಿದರೆ ಹಲಸಿನ ಮರದ ಬುಡದಲ್ಲಿ ಲದ್ದಿ, ಅದರ ತುಂಬ ಕಾಫಿ ಬೀಜ, ಮುರಿದು ಬಿದ್ದ ರೋಬಸ್ಟಾ ಗಿಡಗಳು. ಗಿಡ ಮತ್ತೆ ಫಸಲಿಗೆ ಬರಲು ವರ್ಷಗಳು ಬೇಕು.

ಗಿಡದ ಮಾತು ಬಿಡಿ. ಸಿದ್ದಾಪುರದ ಕಡೆ ಬೆಳಗಿನ ಮಂಜಿನಲ್ಲಿ ತೋಟದ ಕಾರ್ಮಿಕರ ಲೈನ್ ಮನೆಯಿಂದ ಕೆಲಸಕ್ಕೆ ನಡೆದು ಹೋಗುವ ಹೆಂಗಸರು ಆನೆ ಕಾಲಿಗೆ ಸಿಕ್ಕಿ ಸತ್ತಿದ್ದಾರೆ. ಒಂದು ಸಲವಲ್ಲ. ಸತ್ತ ದಿನ ಶವ ಇಟ್ಟುಕೊಂಡು ರಸ್ತೆ ತಡೆ, ಅಧಿಕಾರಿಗಳ ಭರವಸೆ, ಪರಿಹಾರದ ಚೆಕ್ಕು, ಫೋಟೋ. ಮತ್ತೊಂದು ಸಾವಿನವರೆಗೆ ಎಲ್ಲರೂ ಮನೆಗೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಕುಸಿದು ಮನೆಮಠ ಹೋದವು, 2020ರಲ್ಲಿ ತಲಕಾವೇರಿಯ ಬೆಟ್ಟ ಜಾರಿ ಅರ್ಚಕರ ಮನೆಯನ್ನೇ ನುಂಗಿತು. ಈಗಲೂ ಜುಲೈ ಬಂದರೆ ಗುಡ್ಡದ ಕೆಳಗಿನ ಜನ ರಾತ್ರಿ ಬಟ್ಟೆಗಂಟು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಾರೆ. ಇವರ ವಿಷಯಕ್ಕೆ ಸಮಿತಿ ಬೇಕು, ವರದಿ ಬೇಕು, ಆರ್ಥಿಕ ಇಲಾಖೆಯ ಒಪ್ಪಿಗೆ ಬೇಕು. ಸಂಬಳಕ್ಕೆ ಏನೂ ಬೇಕಾಗಲಿಲ್ಲ. ಒಂದು ಮಧ್ಯಾಹ್ನ ಸಾಕಾಯಿತು. ಇದರಲ್ಲಿ ಹಾಸ್ಯ ಮಾಡುವಂಥದ್ದು ನನಗೆ ಏನೂ ಕಾಣುವುದಿಲ್ಲ, ಸುಮ್ಮನೆ ಬೇಜಾರಾಗುತ್ತದೆ.

ನಮ್ಮದೇ ವಿಧಾನಸಭೆ ಇದ್ದ ಊರು ಇದು ಎಂದು ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ 1952ರಲ್ಲಿ ಚುನಾವಣೆ ನಡೆದು 24 ಜನ ಶಾಸಕರು ಬಂದರು. ಆಗಿನ ಜನಸಂಖ್ಯೆ ಎರಡೂಕಾಲು ಲಕ್ಷದ ಆಸುಪಾಸು. ಹತ್ತು ಸಾವಿರಕ್ಕೂ ಕಡಿಮೆ ಜನರಿಗೆ ಒಬ್ಬ ಶಾಸಕ! ಸಂತೆಗೆ ಹೋದರೆ ಎದುರು ಸಿಕ್ಕೇ ಸಿಗುತ್ತಿದ್ದ, ತಪ್ಪಿಸಿಕೊಳ್ಳಲು ಜಾಗವೇ ಇರಲಿಲ್ಲ. ಮಂತ್ರಿಮಂಡಲವೋ, ಮುಖ್ಯಮಂತ್ರಿ ಸಿ.ಎಂ. ಪೂಣಚ್ಚ ಮತ್ತು ಇನ್ನೊಬ್ಬರು, ಅಷ್ಟೇ. ಅಸಮಾಧಾನಗೊಂಡು ರೆಸಾರ್ಟಿಗೆ ಹೋಗೋಣವೆಂದರೂ ಕೋರಂ ಆಗದ ಸಂಪುಟ. ಆಗ ಕೊಡಗಿನಲ್ಲಿ ರೆಸಾರ್ಟೂ ಇರಲಿಲ್ಲ, ಅದು ಬೇರೆ ಮಾತು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯದಲ್ಲಿ ಸೇರಿದ ಮೇಲೆ 24 ಇದ್ದದ್ದು ಇಳಿದು ಕೊನೆಗೆ ಮೂರಾಯಿತು, 2008ರಲ್ಲಿ ಸೋಮವಾರಪೇಟೆ ಕ್ಷೇತ್ರವೂ ಹೋಗಿ ಮಡಿಕೇರಿ, ವಿರಾಜಪೇಟೆ ಎರಡೇ ಉಳಿದವು. 2011ರ ಗಣತಿಯ ಪ್ರಕಾರ ಐದೂವರೆ ಲಕ್ಷ ಜನರಿಗೆ 224ರಲ್ಲಿ ಇಬ್ಬರು. ಮಡಿಕೇರಿ ಕೋಟೆಯೊಳಗಿನ ಹಳೇ ವಿಧಾನ ಸಭಾಂಗಣದಲ್ಲಿ ಆಮೇಲೆ ಜಿಲ್ಲಾ ಪಂಚಾಯತಿ ಸಭೆಗಳು ನಡೆದವು. ಈಗ ಆ ಸದಸ್ಯರೂ ಇಲ್ಲ. ಜಿಲ್ಲಾ ಪಂಚಾಯತಿಗೆ, ತಾಲ್ಲೂಕು ಪಂಚಾಯತಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿದದ್ದು ಸರ್ಕಾರದ ಗಮನಕ್ಕೆ ಬಂದಿರಲೂಬಹುದು.

ಇನ್ನು ಮೇಲ್ಮನೆ, ಅಂದರೆ ವಿಧಾನ ಪರಿಷತ್ತು. ಪದವೀಧರರಿಗೆ ಅಲ್ಲಿ ವಿಶೇಷ ಮರ್ಯಾದೆ, ನೈರುತ್ಯ ಪದವೀಧರ ಕ್ಷೇತ್ರದಲ್ಲಿ ಒಂದು ಹೆಚ್ಚುವರಿ ಓಟು. ಕ್ಷೇತ್ರ ತಲಕಾವೇರಿಯಿಂದ ಸೊರಬದವರೆಗೆ, ಅತ್ತ ಬೈಂದೂರಿನ ಕಡಲಿನವರೆಗೆ ಹರಡಿಕೊಂಡಿದೆ. ಸಾಮಾನ್ಯ ಮತದಾರರ ಪಟ್ಟಿಯಲ್ಲಿ ಹೆಸರು ಒಮ್ಮೆ ಸೇರಿದರೆ ಉಳಿಯುತ್ತದೆ. ಇಲ್ಲಿ ಹಾಗಲ್ಲ, ಪ್ರತಿ ಚುನಾವಣೆಗೂ ಪಟ್ಟಿ ಹೊಸದು. ಆರು ವರ್ಷಕ್ಕೊಮ್ಮೆ ನಮೂನೆ 18 ತುಂಬಿ, ಪದವಿ ಪ್ರಮಾಣಪತ್ರದ ದೃಢೀಕೃತ ಪ್ರತಿ ಇಟ್ಟು, ತಾನು ಇನ್ನೂ ಪದವೀಧರನೇ ಎಂದು ಸಾಬೀತು ಮಾಡಬೇಕು. ಇಷ್ಟೆಲ್ಲ ಮಾಡಿ ಬೂತಿಗೆ ಹೋದರೆ ಅಲ್ಲಿ ಕೊಡುವ ನೇರಳೆ ಸ್ಕೆಚ್ ಪೆನ್ನಿನಲ್ಲಿ 1, 2 ಎಂದು ಅಂಕಿ ಬರೆಯಬೇಕು. ರೈಟ್ ಮಾರ್ಕ್ ಹಾಕಿದರೆ ಓಟು ತಿರಸ್ಕೃತ, ಸಹಿ ಹಾಕಿದರೂ ತಿರಸ್ಕೃತ. ಹೀಗೆ ಸಾವಿರಗಟ್ಟಲೆ ಓಟು ಕಸಕ್ಕೆ ಹೋಗುತ್ತವೆ, ಅಷ್ಟೂ ಡಿಗ್ರಿಯವರದೇ.

ನಮ್ಮ ಪಕ್ಕದ ತೋಟದ ಮಾವ ಇಂದಿರಾ ಗಾಂಧಿ ಕಾಲದ ಬಿ.ಎ. 2024ರಲ್ಲಿ ಪ್ರಮಾಣಪತ್ರವನ್ನು ಲ್ಯಾಮಿನೇಟ್ ಬಿಚ್ಚಿಸಿ ಜೆರಾಕ್ಸ್ ಮಾಡಿಸಿ, ಗೆಜೆಟೆಡ್ ಅಧಿಕಾರಿ ಹಿಂದೆ ಎರಡು ದಿನ ಅಲೆದು ಓಟು ಹಾಕಿ ಬಂದಿದ್ದರು.

"ಮಾವ, 2030ಕ್ಕೆ ಮತ್ತೆ ಕೊಡಬೇಕು, ಗೊತ್ತುಂಟಲ್ಲ?" ಎಂದೆ.

"ಗೊತ್ತುಂಟು ಮಾರಾಯ. ಅದಕ್ಕೇ ಒಟ್ಟಿಗೆ ಹತ್ತು ಕಾಪಿ ಸಹಿ ಮಾಡಿಸಿ ಇಟ್ಟಿದ್ದೇನೆ. ಎರಡನ್ನು ಆಗಲೇ ಆನೆ ಪರಿಹಾರದ ಅರ್ಜಿಗೆ ಅಂಟಿಸಿ ಕೊಟ್ಟೆ."

"ಅದಕ್ಕೆ ಡಿಗ್ರಿ ಯಾಕೆ?"

"ಅವರು ಕೇಳಿಲ್ಲ. ಕೇಳದೇ ಇರುವುದನ್ನೂ ಮೊದಲೇ ಕೊಟ್ಟರೆ ಒಂದು ಸುತ್ತು ಓಡಾಟ ಉಳಿಯುತ್ತಲ್ಲ."