ಒಂದೇ ರಸ್ತೆಯ ಊರು

ಅಮೆರಿಕದ ಹೆದ್ದಾರಿ 80 ಟೆಕ್ಸಸ್ ರಾಜ್ಯದ ಡಲ್ಲಾಸಿನಲ್ಲಿ ಹುಟ್ಟಿ, ಲೂಸಿಯಾನ, ಮಿಸಿಸಿಪಿ, ಅಲಬಾಮಗಳನ್ನು ಹಾಯ್ದು, ಜಾರ್ಜಿಯದ ಸವಾನಾ ನಗರವನ್ನು ದಾಟಿ, ಕೊನೆಗೆ ಟೈಬಿ ಎಂಬ ಪುಟ್ಟ ದ್ವೀಪದ ಒಂದು ಪಾರ್ಕಿಂಗ್ ಜಾಗದ ಹತ್ತಿರ ಮುಗಿದುಹೋಗುತ್ತದೆ. ಒಂದು ಕಾಲಕ್ಕೆ ಇದೇ ರಸ್ತೆ ಪೆಸಿಫಿಕ್ ದಡದ ಸ್ಯಾನ್ ಡಿಯಾಗೋದಿಂದ ಹೊರಡುತ್ತಿತ್ತು. ಪಶ್ಚಿಮದ ಭಾಗವನ್ನು ಸರ್ಕಾರದವರು ಸ್ವಲ್ಪಸ್ವಲ್ಪವಾಗಿ ಕಡಿತ ಮಾಡುತ್ತ ಬಂದರು. ಪೂರ್ವದ ತುದಿಯನ್ನು ಯಾರೂ ಮುಟ್ಟಿಲ್ಲ. ಮುಟ್ಟಿದರೆ ನಾವು ಮನೆ ಸೇರುವುದು ಹೇಗೆ? ದ್ವೀಪದಲ್ಲಿ ವರ್ಷವಿಡೀ ವಾಸಿಸುವ ಮೂರು ಸಾವಿರ ಚಿಲ್ಲರೆ ಜನರಿಗೂ, ಬೇಸಿಗೆಯ ಶನಿವಾರಗಳಲ್ಲಿ ಛತ್ರಿ, ಕುರ್ಚಿ, ಮಂಜುಗಡ್ಡೆಯ ಡಬ್ಬಿಗಳನ್ನು ಹೇರಿಕೊಂಡು ಬರುವ ಅದರ ಹಲವು ಪಟ್ಟು ಜನರಿಗೂ ಇರುವುದು ಇದೊಂದೇ ರಸ್ತೆ.

ರಜೆಗೆ ಬಂದವರಿಗೆ ಟೈಬಿ ಎಂದರೆ ಕಡಲು. ಇಲ್ಲಿ ಮನೆ ಮಾಡಿಕೊಂಡವರಿಗೆ ಟೈಬಿ ಎಂದರೆ ಈ ರಸ್ತೆ. ನಮ್ಮ ಬೀದಿಯ ಹೆಚ್ಚಿನವರು ವಾರಗಟ್ಟಲೆ ಮರಳಿನ ಮೇಲೆ ಕಾಲಿಡದೆಯೇ ದಿನ ಕಳೆಯುತ್ತಾರೆ. ಆದರೆ ಮುಂದಿನ ಗುರುವಾರ ಬೆಳಿಗ್ಗೆ ಎಂಟೂವರೆಗೆ ಸಮುದ್ರದ ನೀರು ಎಷ್ಟು ಎತ್ತರಕ್ಕೆ ಬರುತ್ತದೆ ಎಂದು ಕೇಳಿದರೆ ತಡವರಿಸದೆ ಹೇಳುತ್ತಾರೆ. ಊರಿನಿಂದ ಫೋನು ಮಾಡುವವರು, ದಿನವೂ ಸಮುದ್ರಸ್ನಾನ ಮಾಡುತ್ತೀಯಾ ಎಂದು ಅಸೂಯೆ ಬೆರೆಸಿ ವಿಚಾರಿಸುವಾಗ, ನಾನು ಸಮುದ್ರದ ಬದಲು ಸಮುದ್ರದ ವೇಳಾಪಟ್ಟಿಯನ್ನು ನೋಡಿಕೊಂಡು ಬದುಕುತ್ತಿದ್ದೇನೆ ಎಂದು ಹೇಳಿದರೆ ಅವರಿಗೆ ನಂಬಿಕೆ ಬರುವುದಿಲ್ಲ.

ಜಾರ್ಜಿಯದ ಕರಾವಳಿ ಒಳಮುಖವಾಗಿ ಬಾಗಿದೆ. ಅಟ್ಲಾಂಟಿಕ್‌ನ ಉಬ್ಬರ ಆ ಬಾಗಿನೊಳಕ್ಕೆ ನುಗ್ಗಿ, ಆಚೀಚೆ ಹರಡಿಕೊಳ್ಳಲು ಎಡೆಯಿಲ್ಲದೆ ಮೇಲಕ್ಕೇರುತ್ತದೆ. ಆದ್ದರಿಂದ ಫ್ಲಾರಿಡಾದ ದಕ್ಷಿಣಕ್ಕೋ ಉತ್ತರ ಕೆರೊಲಿನಾದ ಹೊರತುದಿಗೋ ಇಲ್ಲದಷ್ಟು ಏರಿಳಿತ ಇಲ್ಲಿದೆ: ಸಾಮಾನ್ಯ ದಿನಗಳಲ್ಲಿಯೇ ಏಳು ಅಡಿಯ ಸುಮಾರು. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ, ಮತ್ತು ಇಡೀ ವ್ಯವಸ್ಥೆ ದಿನದಿನಕ್ಕೆ ಐವತ್ತು ನಿಮಿಷದಷ್ಟು ಮುಂದಕ್ಕೆ ಜಾರುತ್ತ ಹೋಗುತ್ತದೆ. ಈ ಪಟ್ಟಿ ಇಲ್ಲಿನ ಮನೆಗಳಲ್ಲಿ ಫ್ರಿಜ್ಜಿನ ಬಾಗಿಲ ಮೇಲೆ, ನಮ್ಮ ಕಡೆ ಅಡುಗೆಮನೆಯ ಗೋಡೆಯಲ್ಲಿ ಮೊಳೆಗೆ ನೇತಾಡುವ ಪಂಚಾಂಗದ ಗೌರವದೊಡನೆ ಇರುತ್ತದೆ. ಅದನ್ನು ನೋಡದೆ ಯಾರೂ ಹಲ್ಲಿನ ಡಾಕ್ಟರರ ಹತ್ತಿರ ಸಮಯ ಗೊತ್ತುಮಾಡಿಕೊಳ್ಳುವುದಿಲ್ಲ.

ಅದಕ್ಕೆ ಕಾರಣ ಉಂಟು. ಸವಾನಾದಿಂದ ಬರುವ ರಸ್ತೆಯ ಕೊನೆಯ ಕೆಲವು ಮೈಲಿ ಉಪ್ಪುನೀರಿನ ಜವುಗಿನ ಮೇಲೆ ಹಾಕಿದ ತಗ್ಗಾದ ಏರಿಯಷ್ಟೇ. ಸರಾಸರಿ ಇಳಿತದ ಮಟ್ಟದಿಂದ ಅಳೆದು ಉಬ್ಬರ ಹತ್ತು ಅಡಿಯ ಸಮೀಪಕ್ಕೆ ಬಂದಿತೆಂದರೆ ನೀರು ಟಾರಿನ ಮೇಲೆ ಹರಿಯತೊಡಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಚಂದ್ರನೂ ಭೂಮಿಗೆ ಹತ್ತಿರವಿದ್ದರೆ ಬರುವ ಭಾರೀ ಉಬ್ಬರವನ್ನು ಇಲ್ಲಿನವರು ಕಿಂಗ್ ಟೈಡ್ ಎನ್ನುತ್ತಾರೆ. ಅಕ್ಟೋಬರ್, ನವೆಂಬರ್ ತಿಂಗಳುಗಳು ಅದಕ್ಕೆ ಹೆಸರಾದವು. ಅದರ ಜೊತೆಗೆ ಈಶಾನ್ಯದ ಗಾಳಿಯೂ ಸೇರಿಕೊಂಡರೆ, ಮೋಡವಿಲ್ಲದ ತಿಳಿ ಆಕಾಶದ ಕೆಳಗೆ, ಒಂದು ಹನಿ ಮಳೆಯೂ ಬೀಳದೆ, ಊರಿಗೂ ದೇಶಕ್ಕೂ ಒಂದೆರಡು ಗಂಟೆ ಸಂಬಂಧ ಕಡಿದುಹೋಗುತ್ತದೆ. ಪೊಲೀಸರು ರಸ್ತೆಗೆ ಅಡ್ಡ ನಿಲ್ಲುತ್ತಾರೆ, ಕಾರುಗಳು ಸಾಲುಗಟ್ಟುತ್ತವೆ, ಹೊಸಬರು ಗಾಬರಿಯಾಗಿ ಫೋನು ತೆಗೆಯುತ್ತಾರೆ, ಹಳಬರು ಸೀಟನ್ನು ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚುತ್ತಾರೆ. ನೀರಿಗೆ ಇಳಿಯುವುದಕ್ಕೂ ಒಂದು ವೇಳೆಯುಂಟು, ಅದಕ್ಕೆ ಮೊದಲು ಅದು ಇಳಿಯದು ಎಂಬ ತಿಳಿವಳಿಕೆ ಅವರಿಗೆ ಎಂದೋ ಆಗಿಹೋಗಿದೆ.

ರಸ್ತೆಯೆಂಬ ಈ ರಸ್ತೆಯೂ ಬಹಳ ಹಳೆಯದಲ್ಲ. 1887ರಲ್ಲಿ ರೈಲು ಬರುವ ತನಕ ದೋಣಿ, ಹಡಗುಗಳಲ್ಲಿ ಬರಬೇಕಾಗಿತ್ತು. ಕಾರಿನ ದಾರಿ ತೆರೆದದ್ದು 1923ರಲ್ಲಿ. ಕಾರು ಬಂದ ಮೇಲೆ ಹತ್ತು ವರ್ಷಗಳಲ್ಲಿಯೇ ರೈಲು ನಿಂತುಹೋಯಿತು, ಹಳಿಯ ಏರಿ ಈಗ ನಡೆಯುವವರ, ಸೈಕಲ್ಲಿನವರ ಪಾಲಾಗಿದೆ. ಅದರ ಅಂಚನ್ನೂ ಉಬ್ಬರ ಆಗಾಗ ಕಚ್ಚಿಕೊಂಡು ಹೋಗುತ್ತದೆ.

ನನ್ನನ್ನು ಕೇಳಿದರೆ ಈ ಊರಿನಲ್ಲಿ ನೋಡಬೇಕಾದದ್ದು ಕಡಲಿಗಿಂತ ಹೆಚ್ಚಾಗಿ ಅದರ ಬೆನ್ನ ಹಿಂದಿರುವ ಜವುಗು. ಜಾರ್ಜಿಯದ ಕರಾವಳಿ ಉದ್ದದಲ್ಲಿ ನೂರು ಮೈಲಿಯಷ್ಟೇ ಆದರೂ ಅಮೆರಿಕದ ಪೂರ್ವ ತೀರದ ಉಪ್ಪು ಜವುಗಿನಲ್ಲಿ ಮೂರನೆಯ ಒಂದು ಪಾಲು ಇಲ್ಲಿಯೇ ಇದೆ ಎಂದು ಲೆಕ್ಕ. ಸ್ಪಾರ್ಟಿನಾ ಎಂಬ ಎದೆಯೆತ್ತರದ ಹುಲ್ಲು ಬೇಸಿಗೆಯಲ್ಲಿ ಹಸಿರಾಗಿ, ಚಳಿಗಾಲಕ್ಕೆ ಒಣ ಬಂಗಾರದ ಬಣ್ಣಕ್ಕೆ ತಿರುಗಿ, ಕಣ್ಣು ಹಾಯುವಷ್ಟು ದೂರ ಹಬ್ಬಿರುತ್ತದೆ. ಉಬ್ಬರದ ಹೊತ್ತಿಗೆ ಹೋಗಿ ನಿಂತು ನೋಡಿದರೆ ಸಣ್ಣ ಬಸವನಹುಳುಗಳು ಹುಲ್ಲಿನ ಕಡ್ಡಿಯನ್ನು ಹತ್ತಿ ಕುಳಿತಿರುವುದು ಕಾಣುತ್ತದೆ. ನೀರಿನ ಜೊತೆಯಲ್ಲಿ ಒಳಬರುವ ನೀಲಿ ಏಡಿಗಳ ಬಾಯಿಗೆ ಸಿಕ್ಕದಿರಲು ಅವು ಮಾಡಿಕೊಂಡ ಉಪಾಯ ಅದು. ಇಳಿತದಲ್ಲಿ ಕೆಸರು ಬಯಲಾದಾಗ ಒಂದೇ ಕೈ ದೊಡ್ಡದಾದ ಗಂಡು ಏಡಿಗಳು ಬಿಲದ ಬಾಯಲ್ಲಿ ನಿಂತು, ಯಾರನ್ನೋ ಕರೆಯುವವರಂತೆ ಆ ಕೈಯನ್ನು ಬೀಸುತ್ತಿರುತ್ತವೆ. ಗಾಳಿಯಾಡದ ಆ ಕೆಸರಿನಲ್ಲಿ ಕೊಳೆತದ್ದರ ಗಂಧಕದ ವಾಸನೆ ಇಡೀ ಊರನ್ನು ಹೊಗುತ್ತದೆ. ಪ್ರವಾಸಿಗರು ಮೂಗು ಮುಚ್ಚಿಕೊಂಡು, ಚರಂಡಿ ಒಡೆದಿರಬೇಕೆಂದು ಹೋಟೆಲಿನವರಿಗೆ ದೂರು ಕೊಡುತ್ತಾರೆ. ಅಘನಾಶಿನಿಯ ಗಜನಿ ಗದ್ದೆಗಳ ಪಕ್ಕದಲ್ಲಿ, ಉಪ್ಪುನೀರಿಗೆ ಜಗ್ಗದ ಕಗ್ಗ ಭತ್ತದ ಅನ್ನ ಉಂಡು ಬೆಳೆದ ನನಗೆ ಆ ವಾಸನೆಯಿಂದ ಹಸಿವಾಗುತ್ತದೆ. ಇದನ್ನು ಇಲ್ಲಿ ಯಾರಿಗೂ ವಿವರಿಸಲು ಹೋಗಿಲ್ಲ.

ಹಸಿವಿಗೆ ತಕ್ಕ ಊಟವೂ ಉಂಟು. ಸಿಗಡಿ, ಎಳೆಯ ಮುಸುಕಿನ ಜೋಳದ ತೆನೆ, ಆಲೂಗಡ್ಡೆ, ಮಾಂಸದ ಸಾಸೇಜು ಎಲ್ಲವನ್ನೂ ಒಂದೇ ಹಂಡೆಯಲ್ಲಿ ಮಸಾಲೆ ನೀರು ಹಾಕಿ ಬೇಯಿಸಿ, ನೀರು ಬಸಿದು, ಹಳೆಯ ಪತ್ರಿಕೆ ಹಾಸಿದ ಮೇಜಿನ ಮೇಲೆ ಸುರಿದುಬಿಡುವ ಲೋಕಂಟ್ರಿ ಬಾಯಿಲ್ ಇಲ್ಲಿನ ಹಬ್ಬದಡುಗೆ. ತಟ್ಟೆಯ ಗೊಡವೆಯಿಲ್ಲ, ಎಲ್ಲರೂ ಕೈಯಲ್ಲಿಯೇ ತಿನ್ನುತ್ತಾರೆ. ಚಮಚದ ನಾಡಿನಲ್ಲಿ ಕೈಯೂಟಕ್ಕೆ ಸಿಕ್ಕ ಈ ಮರ್ಯಾದೆ ನನಗೆ ವಿಶೇಷ ಸಂತೋಷವನ್ನು ಕೊಡುತ್ತದೆ.

ಆದರೆ ಅಂಗಳದಲ್ಲಿ ಕೂತು ಅದನ್ನು ನೆಮ್ಮದಿಯಿಂದ ತಿನ್ನಲು ನೊರಜುಗಳು ಬಿಡಬೇಕು. ವಸಂತದಲ್ಲಿಯೂ ಶರತ್ಕಾಲದಲ್ಲಿಯೂ, ಅಂದರೆ ಹವೆ ಅತ್ಯಂತ ಹಿತವಾಗಿರುವ ದಿನಗಳಲ್ಲಿ, ಜವುಗಿನಿಂದ ಎದ್ದು ಬರುವ ಈ ಕಣ್ಣಿಗೆ ಕಾಣದಷ್ಟು ಸಣ್ಣ ಪ್ರಾಣಿ ಸೊಳ್ಳೆಪರದೆಯ ಕಂಡಿಯಲ್ಲಿಯೂ ತೂರಿಕೊಂಡು ಬಂದು ಕಚ್ಚುತ್ತದೆ. ಗಾಳಿ ಬೀಸಿದರೆ ಮಾತ್ರ ನಾಪತ್ತೆಯಾಗುತ್ತದೆ. ಸವಾನಾದ ಬೇಸ್‌ಬಾಲ್ ತಂಡವೊಂದು 2015ರ ತನಕ ಎರಡು ದಶಕ ಇದರ ಹೆಸರನ್ನೇ ಇಟ್ಟುಕೊಂಡು ಆಡಿತು. ಶತ್ರುವನ್ನು ಓಡಿಸಲು ಆಗದಿದ್ದಾಗ ಅವನಿಗೆ ಹೀಗೆ ಸನ್ಮಾನ ಮಾಡುವುದು ಬುದ್ಧಿವಂತಿಕೆಯೇ ಇರಬೇಕು.

ಕಡಲ ದಂಡೆಗೆ ಹೋದರೆ ಅಲ್ಲಿ ನಿಯಮಗಳು ಕಾದಿರುತ್ತವೆ. ನಾಯಿಯನ್ನು ತರುವಂತಿಲ್ಲ, ಗಾಜಿನ ಶೀಸೆ ಕೂಡದು, ಮರಳದಿಬ್ಬಗಳನ್ನು ಬೇರಿನಿಂದ ಹಿಡಿದಿಟ್ಟ ಸೀ ಓಟ್ಸ್ ಹುಲ್ಲಿನ ತೆನೆಯನ್ನು ಕಿತ್ತರೆ ದಂಡ. ಮೇ ತಿಂಗಳಿಂದ ಅಕ್ಟೋಬರ್ ತನಕ ಸಮುದ್ರಕ್ಕೆ ಮುಖ ಮಾಡಿದ ಮನೆಗಳು ರಾತ್ರಿ ಹೊರದೀಪ ಹಚ್ಚುವಂತಿಲ್ಲ. ಅದು ಲಾಗರ್‌ಹೆಡ್ ಕಡಲಾಮೆಗಳು ಮೊಟ್ಟೆಯಿಟ್ಟು, ಮರಿ ಹೊರಬರುವ ಕಾಲ. ತಾಯಿ ಆಮೆ ರಾತ್ರಿ ದಡಕ್ಕೆ ಬಂದು, ಗುಂಡಿ ತೋಡಿ, ನೂರರಷ್ಟು ಮೊಟ್ಟೆಯಿಟ್ಟು ಹಿಂತಿರುಗಿ ನೋಡದೆ ಹೋಗುತ್ತದೆ. ಎರಡು ತಿಂಗಳ ಬಳಿಕ ಮರಿಗಳು ಮರಳಿನಿಂದ ಎದ್ದು, ಎಲ್ಲಿ ಹೆಚ್ಚು ಬೆಳಕಿದೆಯೋ ಅತ್ತ ಓಡುತ್ತವೆ. ಕೋಟಿ ವರ್ಷಗಳಿಂದ ಆ ಬೆಳಕು ಕಡಲ ಮೇಲಿನ ಆಕಾಶದ್ದಾಗಿತ್ತು, ಈಗ ಯಾರದೋ ವರಾಂಡದ ಬಲ್ಬಿನದ್ದಾಗಿರಬಹುದು. ಬೆಳಗಿನ ಜಾವ ಸ್ವಯಂಸೇವಕರು ದಂಡೆಯುದ್ದಕ್ಕೂ ನಡೆದು ಆಮೆಯ ಹೆಜ್ಜೆಗಳನ್ನು ಹುಡುಕಿ, ಗೂಡುಗಳಿಗೆ ಗುರುತು ನೆಡುತ್ತಾರೆ. ಅದೃಷ್ಟಕ್ಕೆ ಅಮೆರಿಕದಲ್ಲಿಯೂ ಆಮೆಗೆ ವೋಟಿಲ್ಲ. ಇದ್ದಿದ್ದರೆ ನಗರಸಭೆಯಲ್ಲಿ ಬಾಡಿಗೆ ಮನೆಗಳ ಮಾಲೀಕರಿಗೆ ಇನ್ನೂ ಕಷ್ಟವಾಗುತ್ತಿತ್ತು. ಅವರಿಗೆ ಈಗಿರುವ ಕಷ್ಟವೇ ಸಾಲದಾಗಿಲ್ಲ: ವಾಸದ ಬಡಾವಣೆಗಳಲ್ಲಿ ದಿನಬಾಡಿಗೆಯ ಮನೆಗಳಿಗೆ ಹೊಸ ಪರವಾನಗಿ ಕೊಡುವುದನ್ನು 2022ರಲ್ಲಿ ನಿಲ್ಲಿಸಲಾಯಿತು. ಪಕ್ಕದ ಮನೆಯಲ್ಲಿ ವಾರಕ್ಕೊಂದು ಮುಖ ಕಂಡು ಬೇಸತ್ತಿದ್ದ ನಾನು ಆ ನಿರ್ಧಾರದ ಪರ.

ಹೊರಗಿನವರಿಗೆ ಈ ಊರಿನ ಬಗ್ಗೆ ಗೊತ್ತಿರುವ ಒಂದೇ ಸಂಗತಿ ಬಾಂಬು. 1958ರ ಫೆಬ್ರವರಿ 5ರಂದು ತರಬೇತಿಯ ಹಾರಾಟದಲ್ಲಿ ಎರಡು ಯುದ್ಧವಿಮಾನಗಳು ಡಿಕ್ಕಿ ಹೊಡೆದವು. ಜಖಂ ಆದ ಬಿ-47 ವಿಮಾನ ಕ್ಷೇಮವಾಗಿ ಇಳಿಯುವ ಸಲುವಾಗಿ ತನ್ನಲ್ಲಿದ್ದ ಮೂರೂವರೆ ಟನ್ನಿನಷ್ಟು ತೂಕದ ಹೈಡ್ರೋಜನ್ ಬಾಂಬನ್ನು ಇಲ್ಲಿನ ವಾಸಾ ಕೊಲ್ಲಿಯ ನೀರಿಗೆ ಬೀಳಿಸಿತು. ವಾರಗಟ್ಟಲೆ ಹುಡುಕಿದರೂ ಸಿಗಲಿಲ್ಲ, ಇಂದಿಗೂ ಸಿಕ್ಕಿಲ್ಲ. ಅದರಲ್ಲಿ ಅಣುಸ್ಫೋಟಕ್ಕೆ ಬೇಕಾದ ತಿರುಳು ಇರಲಿಲ್ಲವೆಂದೂ, ಕೆದಕದೆ ಬಿಡುವುದೇ ಕ್ಷೇಮವೆಂದೂ ವಾಯುಪಡೆ ಹೇಳುತ್ತದೆ. ಊರಿನವರೂ ಅದನ್ನು ಕೆದಕುವುದಿಲ್ಲ. ರಸ್ತೆಗೆ ನೀರು ಬರುವ ವೇಳೆಯ ಬಗ್ಗೆ ಗಂಟೆಗಟ್ಟಲೆ ಚರ್ಚಿಸುವ ಜನ ಬಾಂಬಿನ ಮಾತು ಬಂದರೆ ಭುಜ ಕುಣಿಸಿ ಸುಮ್ಮನಾಗುತ್ತಾರೆ, ಏಕೆಂದರೆ ಅದಕ್ಕೆ ವೇಳಾಪಟ್ಟಿ ಇಲ್ಲ.

ಅಷ್ಟು ಹಗುರಾಗಿ ದಾಟಲಾಗದ ಸಂಗತಿಗಳೂ ಇದೇ ರಸ್ತೆಯ ಬದಿಯಲ್ಲಿವೆ. ದ್ವೀಪದ ಹೊಸ್ತಿಲಲ್ಲಿ ಸೇತುವೆ ದಾಟುವ ತೊರೆಗೆ ಲ್ಯಾಜರೆಟೊ ಎಂಬ ಹೆಸರು ಬಂದದ್ದು ಹದಿನೆಂಟನೆಯ ಶತಮಾನದಲ್ಲಿ ಅಲ್ಲಿದ್ದ ದಿಗ್ಬಂಧನದ ಮನೆಯಿಂದ. ಹಡಗುಗಳಲ್ಲಿ ತುಂಬಿ ತಂದ ಆಫ್ರಿಕದ ಗುಲಾಮರನ್ನು, ರೋಗವಿದೆಯೇ ಎಂದು ನೋಡಲು, ಸವಾನಾದ ಮಾರುಕಟ್ಟೆಗೆ ಕಳುಹಿಸುವ ಮೊದಲು ಅಲ್ಲಿ ಇರಿಸುತ್ತಿದ್ದರು. ಅವರಲ್ಲಿ ಅಲ್ಲಿಯೇ ಸತ್ತವರೂ ಇದ್ದರು. ಟೈಬಿಗೆ ಸವಾನಾ ಬೀಚ್ ಎಂಬ ಹೆಸರಿದ್ದ ಕಾಲದಲ್ಲಿ ಈ ಮರಳು ಬಿಳಿಯರದ್ದು ಮಾತ್ರವಾಗಿತ್ತು. 1960ರ ಆಗಸ್ಟ್‌ನಲ್ಲಿ ಸವಾನಾದ ಕಪ್ಪು ವಿದ್ಯಾರ್ಥಿಗಳು ಬಂದು ನೀರಿಗಿಳಿದರು, ಪೊಲೀಸರು ಬಂಧಿಸಿದರು, ಅವರು ಮುಂದಿನ ಬೇಸಿಗೆಗಳಲ್ಲಿ ಮತ್ತೆ ಬಂದರು. ನನ್ನ ಬಣ್ಣದವನೊಬ್ಬ ಇವತ್ತು ಇಲ್ಲಿ ಮನೆ ಮಾಡಿ, ಸಮುದ್ರಕ್ಕೆ ಹೋಗಲು ಪುರಸೊತ್ತಿಲ್ಲವೆಂದು ಗೊಣಗುವ ಸೌಭಾಗ್ಯ ಪಡೆದಿರುವುದು ಆ ಹುಡುಗ ಹುಡುಗಿಯರ ಹಟದಿಂದ.

ರಸ್ತೆಯ ಮೇಲಿನ ನಮ್ಮ ಭಕ್ತಿ ಭಯಭಕ್ತಿಯಾಗುವುದು ಚಂಡಮಾರುತದ ಋತುವಿನಲ್ಲಿ. ಊರು ಬಿಡಿ ಎಂಬ ಆಜ್ಞೆ ಬಂದರೆ ಎಲ್ಲರೂ ಇದೇ ದಾರಿ ಹಿಡಿಯಬೇಕು, ಅದೂ ನೀರು ಅದನ್ನು ಮುಚ್ಚುವ ಮುನ್ನ. ಇದೇ ರಸ್ತೆಯ ಬದಿಯಲ್ಲಿರುವ ಪುಲಾಸ್ಕಿ ಎಂಬ ಹಳೆಯ ಕೋಟೆಯ ಬಳಿ 1935ರಿಂದ ನೀರಿನ ಮಟ್ಟ ಅಳೆಯುವ ಮಾಪಕವಿದೆ. 2016ರ ಅಕ್ಟೋಬರಿನಲ್ಲಿ ಮ್ಯಾಥ್ಯೂ ಚಂಡಮಾರುತ ಬಂದಾಗ ಅದು 12.5 ಅಡಿ ತೋರಿಸಿತು, ಅಲ್ಲಿಯ ತನಕ ಎಂದೂ ತೋರಿಸದ ಅಂಕಿ. ಇನ್ನು ನಮ್ಮ ಆಯುಷ್ಯದಲ್ಲಿ ಹೀಗೆ ಆಗದು ಎಂದು ಜನ ಗೋಡೆಗೆ ಸುಣ್ಣ ಬಳಿದು ಮುಗಿಸುವಷ್ಟರಲ್ಲಿ, 2017ರ ಸೆಪ್ಟೆಂಬರಿನಲ್ಲಿ ಅರ್ಮಾ ಬಂದು ಮತ್ತೆ 12 ಅಡಿ ದಾಟಿಸಿತು. ಅಂದಿನಿಂದ ಊರಿನ ಹಳೆಯ ಮನೆಗಳು ಒಂದೊಂದಾಗಿ ಮೇಲಕ್ಕೇಳುತ್ತಿವೆ: ಮನೆಯನ್ನು ಇದ್ದಂತೆಯೇ ಜಾಕುಗಳ ಮೇಲೆ ಎತ್ತಿ, ಕೆಳಗೆ ಕಂಬ ಕೊಟ್ಟು ನಿಲ್ಲಿಸುತ್ತಾರೆ. ನೆರೆಮನೆಯ ಅಜ್ಜಿ ಎಪ್ಪತ್ತು ದಾಟಿದ ಮೇಲೆ ಮಹಡಿಯ ಮೆಟ್ಟಿಲು ಹತ್ತುವ ಹಾಗಾಯಿತಲ್ಲ ಎಂದು ಬೈದುಕೊಳ್ಳುತ್ತಾರೆ, ಆ ಎತ್ತರದಿಂದ ರಸ್ತೆಗೆ ನೀರು ಬಂದದ್ದು ಎಲ್ಲರಿಗಿಂತ ಮೊದಲು ತನಗೇ ಕಾಣುತ್ತದೆ ಎಂದು ಜಂಬವನ್ನೂ ಪಡುತ್ತಾರೆ. 178 ಮೆಟ್ಟಿಲುಗಳ ದೀಪಸ್ತಂಭ ಊರಲ್ಲಿರುವಾಗ ತನ್ನ ಮೆಟ್ಟಿಲುಗಳ ದೂರು ಹೇಳಬಾರದು ಎಂದು ಕೊನೆಗೆ ಅವರೇ ಸಮಾಧಾನ ತಂದುಕೊಳ್ಳುತ್ತಾರೆ. ಆ ಸ್ತಂಭದ ಕೆಳಗಿನ ಅರವತ್ತು ಅಡಿ 1773ರದ್ದು, ಮೇಲಿನದು ಅಂತರ್ಯುದ್ಧದ ಬೆಂಕಿಯ ನಂತರ 1867ರಲ್ಲಿ ಕಟ್ಟಿದ್ದು; ಅರ್ಧದಲ್ಲಿ ಉಳಿದುದರ ಮೇಲೆ ಕಟ್ಟಿಕೊಂಡು ಹೋಗುವುದು ಈ ಊರಿಗೆ ಹೊಸತಲ್ಲ.

ರಸ್ತೆಯನ್ನೂ ಹೀಗೆಯೇ ಎತ್ತರಿಸಬೇಕೆಂಬ ಮಾತು ವರ್ಷಗಳಿಂದ ನಡೆದಿದೆ. ಸಭೆಗಳಾಗುತ್ತವೆ, ನಕ್ಷೆಗಳು ಬರುತ್ತವೆ. ನಾನು ಆ ಸಭೆಗಳಿಗೆ ಹೋಗಿ ಎತ್ತರಿಸಬೇಕೆಂಬವರ ಜೊತೆಗೆ ಕೈಯೆತ್ತುತ್ತೇನೆ. ರೋಗಿಗಳ ಗಾಡಿ ದಾಟಬೇಕು, ಶಾಲೆಯ ಬಸ್ಸು ದಾಟಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೂ ಸವಾನಾದಲ್ಲಿ ನೌಕರಿ ಮಾಡುವ ನಮ್ಮಂಥವರಿಗೆ ಈ ತಗ್ಗು ರಸ್ತೆ ಮಾಡಿಕೊಟ್ಟಿರುವ ಉಪಕಾರವನ್ನೂ ಮರೆಯಲಾಗದು. ಬೆಳಗಿನ ಉಬ್ಬರ ದೊಡ್ಡದಿದ್ದ ದಿನ ಕಚೇರಿಗೆ ಎರಡು ಗಂಟೆ ತಡವಾಗಿ ಹೋಗಬಹುದು, ಯಾರೂ ಏಕೆಂದು ಕೇಳುವುದಿಲ್ಲ. ಅಮಾವಾಸ್ಯೆಯ ಸೋಮವಾರಗಳಲ್ಲಿ ನಾನು ಈ ಸೌಕರ್ಯವನ್ನು ಕೊಂಚ ಧಾರಾಳವಾಗಿಯೇ ಬಳಸಿಕೊಳ್ಳುತ್ತಿದ್ದೆ. ಈಚೆಗೆ ನಮ್ಮ ಮೇಲಧಿಕಾರಿ ತನ್ನ ಕೋಣೆಯ ಗೋಡೆಗೆ ಒಂದು ಉಬ್ಬರದ ಪಟ್ಟಿ ತಂದು ಅಂಟಿಸಿಕೊಂಡಿದ್ದಾನೆ. ಒಂಬತ್ತು ಅಡಿಗಿಂತ ಕೆಳಗಿನ ಅಂಕಿಗಳಿಗೆಲ್ಲ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದಾನೆ.